ಬಲಗಡೆಯ ಕೆಂಪು ರಿಬ್ಬನ್

ಬೆಳಗಿನಿಂದ ಎರಡನೆಯ ರೋಗಿಯೂ ಕೊರಳಿಗೆ ನೀಲಿ ಹಾಳೆ ನೇತುಹಾಕಿಕೊಂಡೇ ಬೀದಿಗೆ ಇಳಿದುಹೋದಾಗ ಡಾಕ್ಟರಮ್ಮನಿಗೆ ತಲೆ ಎತ್ತಲಾಗದಂತಾಯಿತು. ಹಲ್ಲಿನ ಕೆಲಸ ಮಾಡುವಾಗ ಅಂಗಿ ಕೊಳೆಯಾಗದಿರಲಿ ಎಂದು ರೋಗಿಯ ಎದೆಗೆ ಸಿಕ್ಕಿಸುವ ಹಾಳೆ ಅದು. ಕೆಲಸ ಮುಗಿದೊಡನೆ ಅದನ್ನು ಬಿಚ್ಚುವುದು ಅವಳ ಕೈಗೆ ವರ್ಷಗಳ ರೂಢಿ. ಮೊದಲನೆಯ ರೋಗಿಯ ಹೆಂಡತಿ ಫೋನ್ ಮಾಡಿ, "ನಮ್ಮೋರು ಅದನ್ನ ಹಾಕ್ಕೊಂಡೇ ಬ್ಯಾಂಕಿಗೆ ಹೋಗಿ ಬಂದ್ರು" ಎಂದಾಗ, "ಇಲ್ಲಮ್ಮ, ನಾನೇ ಕೈಯಾರೆ ಬಿಚ್ಚಿದೀನಿ, ನನಗೆ ಚೆನ್ನಾಗಿ ನೆನಪಿದೆ" ಎಂದು ಜಗಳಕ್ಕೇ ನಿಂತಿದ್ದಳು. ಎರಡನೆಯವನು ಅವಳ ಕಣ್ಣೆದುರೇ ರಸ್ತೆ ದಾಟುತ್ತಿದ್ದ.

"ಏನಾಗಿದೆ ಇವತ್ತು ನಿನಗೆ?" ಮೆಟ್ಟಿಲ ಮೇಲಿಂದ ಅತ್ತಿಗೆ ಕೇಳಿದರು.

"ನನಗೇನೂ ಆಗಿಲ್ಲ ಅತ್ತಿಗೆ, ಕುರ್ಚಿಗಾಗಿದೆ. ನಿನ್ನೆ ಸಾಯಂಕಾಲದಿಂದ ಮೋಟಾರು ಉಸಿರೇ ಬಿಡ್ತಿಲ್ಲ. ರೋಗಿಗಳು ಅವರಾಗೇ ಒದ್ದಾಡ್ಕೊಂಡು ಎದ್ದು ಹೋಗ್ತಿದಾರೆ."

ಅತ್ತಿಗೆ ಕುರ್ಚಿಯನ್ನೂ ಕಿಟಕಿಯಾಚೆಯ ನೀಲಿ ಹಾಳೆಯನ್ನೂ ಒಮ್ಮೆ ನೋಡಿ, "ಹ್ಞೂಂ" ಎಂದರು. ಅವರ ಹ್ಞೂಂ ಸುಮ್ಮನೆ ಬರುವುದಲ್ಲ ಎಂಬುದು ನಾದಿನಿಗೆ ಗೊತ್ತಿತ್ತು.

ಮೂವರ ಮನೆ ಅದು. ಅಣ್ಣನಿಗೆ ಹಡಗಿನಲ್ಲಿ ಕೆಲಸ, ವರ್ಷದ ಬಹುಭಾಗ ನೀರಿನ ಮೇಲೆ. ಅತ್ತಿಗೆ ವಿಮಾನಗಳ ಎಡವಟ್ಟುಗಳನ್ನು ತನಿಖೆ ಮಾಡುವ ಸರಕಾರಿ ಇಲಾಖೆಯಲ್ಲಿದ್ದು ನಿವೃತ್ತರಾದವರು. "ಅಣ್ಣ ನೀರಲ್ಲಿ, ಅತ್ತಿಗೆ ಗಾಳಿಯಲ್ಲಿ, ನಾನೊಬ್ಬಳೇ ಊರವರ ಬಾಯಲ್ಲಿ" ಎಂದು ಡಾಕ್ಟರಮ್ಮ ನಗುವುದಿತ್ತು. ಬೀದಿಯವರು ಮಾತ್ರ ಆ ಮನೆಗೆ ಬೇರೆಯೇ ವಿಳಾಸ ಹೇಳುತ್ತಿದ್ದರು: ಕೆಳಗೆ ಹಲ್ಲು ಕೀಳುತ್ತಾರೆ, ಮೇಲೆ ನಿಜ ಕೀಳುತ್ತಾರೆ. ನಿವೃತ್ತಿಯಾದ ಮೇಲೂ ಅತ್ತಿಗೆಯನ್ನು ಹುಡುಕಿಕೊಂಡು ಜನ ಬರುತ್ತಿದ್ದರು. ಬಂದವರ ಮರೆವಿನ ಮೂಲ ಹುಡುಕುವ ಈ ಹೆಂಗಸಿಗೆ ತಮ್ಮ ಕನ್ನಡಕ ತಮ್ಮ ತಲೆಯ ಮೇಲೇ ಇದೆಯೆಂದು ಯಾರಾದರೂ ಹೇಳಬೇಕಾಗುತ್ತಿತ್ತು.

ಆ ದಿನದ ಮೂರನೆಯವಳಾಗಿ ಬೆಂಚಿನ ಮೇಲೆ ಕೂತಿದ್ದವಳು ಸಹಪೈಲಟ್. ಗುಬ್ಬಿ ಎಂದು ಅವಳ ಅಡ್ಡಹೆಸರು. ಹಿಂದೊಮ್ಮೆ ಇದೇ ಕುರ್ಚಿಯಲ್ಲಿ ಹಲ್ಲು ಕೀಳಿಸಿಕೊಂಡು ಒಂದು ಸಲವೂ ನರಳದವಳು, ಈಗ ಕೈಬೆರಳು ಹಿಸುಕಿಕೊಳ್ಳುತ್ತಿದ್ದಳು.

"ಮತ್ತೆ ಹಲ್ಲು ನೋವಾ?"

"ಹಲ್ಲಲ್ಲ ಡಾಕ್ಟ್ರೇ. ಮೇಲಿನ ಮೇಡಂ ಬೇಕಾಗಿತ್ತು."

ಅತ್ತಿಗೆಯ ಕೋಣೆಯಲ್ಲಿ ಗುಬ್ಬಿ ತನ್ನ ಕಥೆಯನ್ನು ಒಂದೇ ಉಸಿರಿಗೆ ಹೇಳಿದಳು. ಹಿಂದಿನ ವಾರ ಅವಳು ಮತ್ತು ಕ್ಯಾಪ್ಟನ್ ಬೆಳಗಿನ ವಿಮಾನವನ್ನು ರನ್‌ವೇಗೆ ತಂದರು. ಕ್ಯಾಪ್ಟನ್ ಎಂಜಿನ್ನಿಗೆ ಬಲ ಕೊಟ್ಟೊಡನೆ ಎಚ್ಚರಿಕೆಯ ಹಾರ್ನ್ ಕಿರುಚಿತು. ಅವರು ತಟ್ಟನೆ ಬಲ ಇಳಿಸಿ ಬ್ರೇಕ್ ಒತ್ತಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಹಾರ್ನ್ ಕೂಗಿದ್ದು ಫ್ಲ್ಯಾಪ್ ಇಳಿದಿಲ್ಲ ಎಂದು.

"ಫ್ಲ್ಯಾಪ್ ಅಂದ್ರೆ?" ಡಾಕ್ಟರಮ್ಮ ಕೇಳಿದಳು.

"ರೆಕ್ಕೆ ಹಿಂದಗಡೆಯಿಂದ ಕೆಳಗೆ ಚಾಚೋ ಹಲಗೆ. ಅದು ಚಾಚದೆ ಓಡಿಸಿದ್ರೆ ರನ್‌ವೇ ಮುಗಿದ್ರೂ ವಿಮಾನ ಮೇಲೇಳಲ್ಲ. ಅದರ ಲಿವರ್ ಎಳೆಯೋದು ನನ್ನ ಕೆಲಸ. ಎಳೆದಿದೀನಿ ಮೇಡಂ. ನಮ್ಮ ನಿಲ್ದಾಣದ ಹೊಸ ಕಟ್ಟಡದಲ್ಲಿ ವಿಮಾನವನ್ನ ಹಿಂದಕ್ಕೆ ತಳ್ಳಿದ ಮೇಲೆ ಮೆಕ್ಯಾನಿಕ್ ಮುಂದಿನ ಚಕ್ರದ ಪಿನ್ ತೆಗೆದು, ಅದಕ್ಕೆ ಕಟ್ಟಿರೋ ಕೆಂಪು ರಿಬ್ಬನ್ ಎತ್ತಿ ತೋರಿಸ್ತಾನೆ. ಕೆಳಗೆ ಯಾರೂ ಇಲ್ಲ, ಇನ್ನು ರೆಕ್ಕೆ ಅಲ್ಲಾಡಿಸಬಹುದು ಅಂತ ಅರ್ಥ. ಅವನು ನನ್ನ ಕಡೆ, ಬಲಗಡೆ ನಿಲ್ತಾನೆ. ಅವತ್ತೂ ತೋರಿಸ್ದ, ನಾನು ಲಿವರ್ ಎಳೆದೆ. ಅದರ ಟಕ್ ಅನ್ನೋ ಸದ್ದು ಈಗ್ಲೂ ಕಿವಿಯಲ್ಲಿದೆ. ಅವತ್ತು ಸಾಯಂಕಾಲವೇ ಹೀಗೇ ಬರೆದುಕೊಟ್ಟಿದೀನಿ."

"ವಿಮಾನದ ಕಪ್ಪು ಪೆಟ್ಟಿಗೆ ಏನು ಹೇಳುತ್ತೆ?"

ಗುಬ್ಬಿಯ ಮುಖ ಸಣ್ಣದಾಯಿತು. "ಲಿವರ್ ಜಾಗ ಬಿಟ್ಟು ಕದಲೇ ಇಲ್ಲ ಅನ್ನುತ್ತೆ."

ಮಾತು ಹಿಡಿದಿಡುವ ಇನ್ನೊಂದು ಪೆಟ್ಟಿಗೆಯಿಂದ ಏನೂ ಸಿಗುವಂತಿರಲಿಲ್ಲ. ಅದು ಕಡೆಯ ಒಂದೆರಡು ಗಂಟೆಯ ಮಾತನ್ನಷ್ಟೇ ಉಳಿಸಿಕೊಳ್ಳುತ್ತದೆ. ವಿಮಾನವನ್ನು ಶೆಡ್ಡಿಗೆ ತಂದ ಮೇಲೂ ಯಾರೂ ಅದನ್ನು ನಿಲ್ಲಿಸಲಿಲ್ಲ, ಹಾಗಾಗಿ ಶೆಡ್ಡಿನ ಸುತ್ತಿಗೆ ಸದ್ದು ಹಳೆಯ ಮಾತನ್ನೆಲ್ಲ ಅಳಿಸಿಹಾಕಿತ್ತು. ಕಾಕ್‌ಪಿಟ್‌ನಲ್ಲಿ ಹಿಂದಿನ ಮೂರನೆಯ ಸೀಟಿನಲ್ಲಿ ಕಂಪನಿಯ ಹಾರಾಟ ವಿಭಾಗದ ಮುಖ್ಯಸ್ಥರು ಕೂತಿದ್ದರು. ಅವರಿಗೆ ಮೀಟಿಂಗಿಗೆ ಹೋಗಬೇಕಿತ್ತು, ಪ್ರಯಾಣಿಕರ ಕಡೆ ಜಾಗವಿರಲಿಲ್ಲ.

"ಎರಡು ದಿನ ಬಿಟ್ಟು ಅವರೂ ಬರೆದುಕೊಟ್ರು. ಮೆಕ್ಯಾನಿಕ್ ರಿಬ್ಬನ್ ತೋರಿಸ್ತಿದ್ದಾಗ ನಾನು ತೊಡೆ ಮೇಲೆ ಫೋನ್ ಇಟ್ಕೊಂಡು ನೋಡ್ತಿದ್ದೆ ಅಂತೆ. ನನ್ನ ಫೋನ್ ಬ್ಯಾಗಲ್ಲಿತ್ತು ಮೇಡಂ. ನಾಳೆ ವಿಚಾರಣೆ. ಲೈಸೆನ್ಸ್ ಹೋಗುತ್ತೆ. ತಪ್ಪು ಮಾಡಿದ್ರೆ ಒಪ್ಕೋತೀನಿ. ಸುಳ್ಳುಗಾರ್ತಿ ಅನ್ನಿಸ್ಕೊಂಡು ಮನೇಲಿ ಕೂರೋಕಾಗಲ್ಲ."

"ಕ್ಯಾಪ್ಟನ್ ಏನಂತಾರೆ?"

"ಏನೂ ಅನ್ನಲ್ಲ. ನನಗೆ ಗುಬ್ಬಿ ಅಂತ ಹೆಸರಿಟ್ಟೋರೇ ಅವರು. ಈಗ ಎದುರು ಸಿಕ್ಕಿದ್ರೆ ನೆಲ ನೋಡ್ತಾರೆ."

ಅವಳನ್ನು ಕಳಿಸಿದ ಮೇಲೆ ಡಾಕ್ಟರಮ್ಮ, "ಪಾಪ, ಯಂತ್ರಾನೇ ತಪ್ಪು ಬರ್ಕೊಂಡಿರಬಹುದಲ್ವಾ?" ಎಂದಳು.

"ಯಂತ್ರಕ್ಕೆ ಮಾನ ಹೋಗುತ್ತೆ ಅನ್ನೋ ಭಯ ಇಲ್ಲ ಕಣೆ. ಕುರ್ಚಿ ರಿಪೇರಿಯಾಗೋ ತನಕ ಅಂಗಡಿ ಮುಚ್ಚು. ನನ್ನ ಜೊತೆ ಬಾ."

*

ವಿಚಾರಣಾಧಿಕಾರಿ ಒಂದು ಕಾಲದಲ್ಲಿ ಅತ್ತಿಗೆಯ ಕೈಕೆಳಗೆ ಕೆಲಸ ಕಲಿತವನು. ಅವನೇ ಇಬ್ಬರಿಗೂ ಕೊರಳಿಗೆ ಹಾಕುವ ಪಾಸು ಕೊಡಿಸಿ ನಿಲ್ದಾಣದ ಒಳಗೆ ಬಿಟ್ಟ. ಮುಖ್ಯಸ್ಥರ ಕೋಣೆಗೆ ಹೋಗುವ ಓಣಿಯಲ್ಲಿ ಚೌಕಟ್ಟು ಹಾಕಿದ ಸೂಚನೆಯೊಂದಿತ್ತು: ವಿಮಾನ ಕದಲಿದ ಗಳಿಗೆಯಿಂದ ಸಾಕಷ್ಟು ಎತ್ತರಕ್ಕೆ ಏರುವವರೆಗೆ ಕಾಕ್‌ಪಿಟ್‌ನಲ್ಲಿ ಕೆಲಸದ ಮಾತಲ್ಲದೆ ಬೇರೆ ಮಾತು ಕೂಡದು. ಕೆಳಗೆ ಮುಖ್ಯಸ್ಥರದೇ ಅಗಲವಾದ ಸಹಿ.

ಮುಖ್ಯಸ್ಥರು ಮರ್ಯಾದೆಯಿಂದಲೇ ಕೂರಿಸಿದರು. ಒಳ್ಳೆಯ ಹಲ್ಲುಸಾಲು, ಡಾಕ್ಟರಮ್ಮ ಮೊದಲು ಗಮನಿಸಿದ್ದು ಅದನ್ನೇ.

"ನನಗೂ ಬೇಜಾರೇ ಮೇಡಂ. ಒಳ್ಳೇ ಹುಡುಗಿ. ಆದ್ರೆ ಈ ಕಾಲದೋರಿಗೆ ಫೋನೇ ಪ್ರಾಣ. ಮೆಕ್ಯಾನಿಕ್ ಬಲಗಡೆ ನಿಂತು ರಿಬ್ಬನ್ ಬೀಸ್ತಾ ಇದಾನೆ, ಇವಳ ಕಣ್ಣು ತೊಡೆ ಮೇಲೆ."

"ರಿಬ್ಬನ್ ಬೀಸಿದ್ದನ್ನ ನೀವೇ ನೋಡಿದ್ರಾ?"

"ಕಣ್ಣಾರೆ. ಬಲಗಡೆ ಕಿಟಕಿಯಿಂದ."

"ಪೆಟ್ಟಿಗೆಯ ಮಾತು ಉಳಿದಿದ್ರೆ ಚೆನ್ನಾಗಿತ್ತು. ಅದನ್ನ ನಿಲ್ಲಿಸೋಕೆ ಹೇಳಬೇಕಾದೋರು ಯಾರು?"

"ನಾನೇ. ಆ ಗಡಿಬಿಡೀಲಿ ಮರೆತೇಹೋಯ್ತು." ಮುಖ್ಯಸ್ಥರು ನಕ್ಕರು. "ಮೇಜಿನ ಮುಂದೆ ಕೂತು ಎರಡು ವರ್ಷ ಆಯ್ತು ನೋಡಿ. ಈ ಹೊಸ ಕಟ್ಟಡಕ್ಕೆ ಬಂದ ಮೇಲೆ ನಾನು ಕಾಕ್‌ಪಿಟ್‌ನಲ್ಲಿ ಕೂತಿದ್ದೇ ಅವತ್ತು ಮೊದಲ ಸಲ. ಅವತ್ತೇ ಹೀಗಾಗಬೇಕಾ?"

ಎಲ್ಲರ ಹೇಳಿಕೆಗಳೂ ಯಾರ ಕೈಗೆ ಬರುತ್ತವೆ ಎಂದು ಅತ್ತಿಗೆ ಹೋಗುವಾಗ ಕೇಳಿದರು. ಎಲ್ಲವೂ ತಮ್ಮ ಮೇಜಿನ ಮೇಲಿಂದಲೇ ಮುಂದಕ್ಕೆ ಹೋಗುತ್ತವೆ ಎಂದು ಅವರು ಹೆಮ್ಮೆಯಿಂದಲೇ ಹೇಳಿದರು.

ಕ್ಯಾಪ್ಟನ್ ಪೈಲಟ್‌ಗಳ ವಿಶ್ರಾಂತಿ ಕೋಣೆಯ ಮೂಲೆಯಲ್ಲಿ ಒಬ್ಬರೇ ಕೂತಿದ್ದರು. ಈ ತಿಂಗಳ ಕೊನೆಗೆ ಅವರ ನಿವೃತ್ತಿ. "ಅವಳು ತಪಾಸಣೆ ಪಟ್ಟಿ ಓದಿದ್ಲು, ಫ್ಲ್ಯಾಪ್ ಅಂದ್ಲು, ನಾನು ಲಿವರ್ ನೋಡಿ 'ಸರಿಯಾಗಿದೆ' ಅಂದೆ. ಅಷ್ಟೇ ಅಮ್ಮ" ಎಂದರು. ಕದಲದ ಲಿವರ್ ಸರಿಯಾಗಿ ಹೇಗೆ ಕಂಡಿತು ಎಂದು ಅತ್ತಿಗೆ ಕೇಳಲಿಲ್ಲ. ಬದಲಿಗೆ, "ನಿವೃತ್ತಿ ಆದ್ಮೇಲೆ ಏನು ಮಾಡ್ತೀರಿ?" ಎಂದರು. ಕ್ಯಾಪ್ಟನ್ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಹೊಸಬರಿಗೆ ಪಾಠ ಹೇಳುವ ಕೆಲಸ ಇಲ್ಲೇ ಸಿಗಬಹುದು, ಮುಖ್ಯಸ್ಥರು ಮನಸ್ಸು ಮಾಡಿದ್ದಾರೆ ಎಂದರು. ಡಾಕ್ಟರಮ್ಮನಿಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

ಹೊರಗೆ ಬಿಸಿಲಿನಲ್ಲಿ ಮೆಕ್ಯಾನಿಕ್ ಸಿಕ್ಕ. ಅವನಿಗೆ ಕಂಪನಿಯ ಮೇಲೆ ದೂರುಗಳ ಮೂಟೆಯೇ ಇತ್ತು.

"ಹಳೇ ಕಟ್ಟಡದಲ್ಲಿ ಆರಾಮಾಗಿ ಎಡಗಡೆ ನಿಲ್ತಿದ್ವಿ. ಇಲ್ಲಿ ಎಡಗಡೆ ಪ್ರಯಾಣಿಕರ ಬಸ್ಸು ಓಡಾಡುತ್ತೆ, ಬಲಗಡೆ ನಿಲ್ಲಿ ಅಂದ್ರು. ಆಯ್ತು ಅಂತ ನಿಂತ್ವಿ. ಅವತ್ತು ಇಂಧನದ ಗಾಡಿ ಸೋರಿ ಬಲಗಡೆಯೆಲ್ಲ ಎಣ್ಣೆ. ಮರಳು ಸುರಿದು ಹಗ್ಗ ಕಟ್ಟಿಬಿಟ್ರು. ನಾನು ಬಸ್ಸಿನ ಕಡೇಲೇ ನಿಂತು, ಜೀವ ಕೈಯಲ್ಲಿ ಹಿಡ್ಕೊಂಡು ರಿಬ್ಬನ್ ತೋರಿಸ್ದೆ. ಕ್ಯಾಪ್ಟನ್ ಸಾಹೇಬ್ರು ಹೆಬ್ಬೆರಳು ಎತ್ತಿದ್ರು. ನನಗೊಂದು ಹೊಸ ಬೂಟು ಕೊಡಿಸಿ ಅಂತ ಕೇಳಿ ಎಷ್ಟು ದಿನ ಆಯ್ತು ಗೊತ್ತಾ ಮೇಡಂ?"

ಬೂಟಿನ ಕಥೆ ಬಹಳ ಹೊತ್ತು ನಡೆಯಿತು. ಅತ್ತಿಗೆ ಅದನ್ನೂ ಗಮನವಿಟ್ಟು ಕೇಳಿದರು.

ಕೊನೆಗೆ ಸಿಕ್ಕವಳು ಆ ವಿಮಾನದ ಹಿರಿಯ ಗಗನಸಖಿ. ವಿಮಾನ ರನ್‌ವೇ ಕಡೆ ಸಾಗುತ್ತಿದ್ದಾಗ, ಪ್ರಯಾಣಿಕರೆಲ್ಲ ಬೆಲ್ಟ್ ಹಾಕಿಕೊಂಡಿದ್ದಾರೆಂದು ತಿಳಿಸಲು ಅವಳು ಒಳಗಿನ ಫೋನಿನಲ್ಲಿ ಕಾಕ್‌ಪಿಟ್‌ಗೆ ಕರೆಮಾಡಿದ್ದಳು.

"ಕ್ಯಾಪ್ಟನ್ ಖುಷಿಯಾಗಿದ್ರು ಅನ್ನಿಸ್ತು. ರಿಸೀವರ್ ಎತ್ತಿದಾಗ, 'ದೊಡ್ಡ ಉಪಕಾರ ಸಾರ್' ಅಂತಿದ್ರು. ಆಮೇಲೆ ನನಗೆ 'ಆಯ್ತಮ್ಮ' ಅಂದು ಇಟ್ರು."

"ಆಗ ಕಂಟ್ರೋಲ್ ಟವರ್ ಜೊತೆ ಮಾತಾಡ್ತಿದ್ದಿರಬಹುದಲ್ವಾ?" ಎಂದು ಡಾಕ್ಟರಮ್ಮ ತನ್ನ ಬುದ್ಧಿಯನ್ನೂ ಸ್ವಲ್ಪ ಓಡಿಸಿದಳು.

"ಇಲ್ಲ ಡಾಕ್ಟ್ರೇ. ಕ್ಯಾಪ್ಟನ್ ವಿಮಾನ ನಡೆಸುವಾಗ ಟವರ್ ಜೊತೆ ಮಾತಾಡೋದು ಸಹಪೈಲಟ್."

ಮನೆಗೆ ಬರುವ ದಾರಿಯಲ್ಲಿ ಅತ್ತಿಗೆ, "ನಿನ್ನ ಕುರ್ಚಿ ಕೆಟ್ಟಿದ್ದು ಒಳ್ಳೇದಾಯ್ತು" ಎಂದರು. ಡಾಕ್ಟರಮ್ಮನಿಗೆ ಉರಿದುಹೋಯಿತು. ರಿಪೇರಿಯವನು ಕೇಳಿದ ಮೊತ್ತ ಇವರಿಗೇನು ಗೊತ್ತು?

*

ಮರುದಿನ ಅತ್ತಿಗೆಯ ಮಾತಿನಂತೆ ಎಲ್ಲರೂ ತರಬೇತಿ ಕೋಣೆಯಲ್ಲಿ ಸೇರಿದರು. ಅಲ್ಲಿ ಹಲಗೆಯಿಂದ ಮಾಡಿದ ಕಾಕ್‌ಪಿಟ್ ಇತ್ತು. ಸೀಟು, ಲಿವರ್, ಕಿಟಕಿ ಎಲ್ಲವೂ ನಿಜವಾದದ್ದರ ಅಳತೆಯಲ್ಲೇ. ಎಡಗಡೆ ಕ್ಯಾಪ್ಟನ್, ಬಲಗಡೆ ಗುಬ್ಬಿ, ಹಿಂದಿನ ಸೀಟಿನಲ್ಲಿ ಮುಖ್ಯಸ್ಥರು ಕೂತರು. ವಿಚಾರಣಾಧಿಕಾರಿ, ಮೆಕ್ಯಾನಿಕ್, ಗಗನಸಖಿ ಬೆನ್ನಹಿಂದೆ ನಿಂತರು. ಡಾಕ್ಟರಮ್ಮನ ಕೈಗೆ ಅತ್ತಿಗೆ ಕೆಂಪು ರಿಬ್ಬನ್ ಕೊಟ್ಟು, ಎಲ್ಲಿ ಯಾವಾಗ ನಿಲ್ಲಬೇಕೆಂದು ಕಿವಿಯಲ್ಲಿ ಹೇಳಿದ್ದರು.

"ಗುಬ್ಬಿ, ದಿನಾ ಮಾಡೋ ಹಾಗೆ ಎಂಜಿನ್ ಶುರುಮಾಡಿದ್ಮೇಲಿನ ಕೆಲಸಗಳನ್ನ ಮಾಡ್ತಾ ಹೋಗು. ನಡುವೆ ನಾನು ಮಾತಾಡಿಸ್ತೀನಿ, ಉತ್ತರ ಕೊಡು. ಚಿಕ್ಕೋಳಿದ್ದಾಗ ನಿಮ್ಮನೆ ಬಾಗಿಲಿಗೆ ಯಾವ ಬಣ್ಣ ಇತ್ತು?"

"ಬಾಗಿಲಿಗಾ? ಹಸಿರು... ಇಲ್ಲ, ಅಪ್ಪ ಆಮೇಲೆ ಕಂದು ಹೊಡೆಸಿದ್ರು..."

ಡಾಕ್ಟರಮ್ಮ ಬಲಗಡೆಯ ಕಿಟಕಿಯಾಚೆ ನಿಂತು ರಿಬ್ಬನ್ ಎತ್ತಿದಳು. ಗುಬ್ಬಿ ಇನ್ನೂ ಬಾಗಿಲಿನ ಬಣ್ಣದಲ್ಲೇ ಇದ್ದಳು. ಅವಳ ಎಡಗೈ ತಾನಾಗಿಯೇ ಹೋಗಿ ಲಿವರ್ ಎಳೆಯಿತು. ಟಕ್ ಎಂದಿತು.

"ಈಗ ಏನು ಮಾಡಿದೆ?" ಅತ್ತಿಗೆ ಕೇಳಿದರು.

"ಏನು ಮಾಡ್ದೆ? ನೀವು ಕೇಳಿದ್ದಕ್ಕೆ..." ಗುಬ್ಬಿ ಲಿವರ್ ನೋಡಿ ಕೈ ಹಿಂದಕ್ಕೆಳೆದುಕೊಂಡಳು.

"ಲಿವರ್ ಹಿಂದಕ್ಕೆ ಇಡು. ಇನ್ನೊಂದ್ಸಲ."

ಈ ಸಲ ಡಾಕ್ಟರಮ್ಮ ಎಡಗಡೆ, ಕ್ಯಾಪ್ಟನ್ನರ ಕಿಟಕಿಯಾಚೆ ನಿಂತಳು. ಅತ್ತಿಗೆ ಟವರಿನವರಂತೆ ದಾರಿ ಹೇಳತೊಡಗಿದರು, ಗುಬ್ಬಿ ಅದನ್ನು ಬರೆದುಕೊಳ್ಳತೊಡಗಿದಳು. ರಿಬ್ಬನ್ ಎದ್ದು ಇಳಿಯಿತು. ಲಿವರ್ ಇದ್ದಲ್ಲೇ ಇತ್ತು.

ಡಾಕ್ಟರಮ್ಮ ಕಿಟಕಿಯಾಚೆಯಿಂದ ಆ ಹುಡುಗಿಯ ಮುಖವನ್ನೇ ನೋಡುತ್ತಿದ್ದಳು. ನೀಲಿ ಹಾಳೆ ಅವಳಿಗೆ ಆಗ ಅರ್ಥವಾಯಿತು. ಕುರ್ಚಿ ಗುರ್ ಎಂದು ಮೇಲೇಳುವ ಸದ್ದೇ ಅವಳ ಕೈಗೆ ಹಾಳೆ ಬಿಚ್ಚೆಂದು ಹೇಳುತ್ತಿದ್ದದ್ದು. ಸದ್ದು ನಿಂತಿತು, ಕೈಯೂ ನಿಂತಿತು. ಬಿಚ್ಚಿದ ನೆನಪು ಮಾತ್ರ ಹಿಂದಿನ ಸಾವಿರ ರೋಗಿಗಳಿಂದ ಬಂದು ಕೂತಿತ್ತು.

"ನೀನು ಲಿವರ್ ಎಳೀಲಿಲ್ಲ ಮಗು" ಎಂದರು ಅತ್ತಿಗೆ. "ನಿನಗೆ ಕೇಳಿಸ್ತಿರೋ ಟಕ್ ಬೇರೆ ದಿನದ್ದು. ಅವತ್ತು ಬಲಗಡೆ ಎಣ್ಣೆ ಚೆಲ್ಲಿತ್ತು, ಮೆಕ್ಯಾನಿಕ್ ಎಡಗಡೆ ನಿಂತಿದ್ದ. ನೀನು ಟವರ್ ಹೇಳಿದ್ದನ್ನ ಬರ್ಕೊಳ್ತಿದ್ದೆ. ಕ್ಯಾಪ್ಟನ್ ರಿಬ್ಬನ್ ನೋಡಿ ಹೊರಟ್ರು, ನಿನ್ನ ಕೈಗೆ ಅದರ ಕರೆಯೇ ಬರಲಿಲ್ಲ. ಬಲಗಡೆ ರಿಬ್ಬನ್ ಕಂಡೆ ಅಂತ ನೀನು ಬರೆದಿದ್ದು ತಪ್ಪು, ಆದ್ರೆ ಸುಳ್ಳಲ್ಲ."

ಗುಬ್ಬಿಯ ಕಣ್ಣು ತುಂಬಿತು. ಅವಳು ತಲೆಯಾಡಿಸಿದಳು.

ಮುಖ್ಯಸ್ಥರು ನಿಟ್ಟುಸಿರುಬಿಟ್ಟು ಎದ್ದರು. "ಅಂದ್ರೆ ತಪ್ಪು ಅವಳದೇ ಅಂತಾಯ್ತು."

"ಕೂತ್ಕೊಳಿ, ಇನ್ನೂ ಮುಗಿದಿಲ್ಲ. ಅವತ್ತು ಬಲಗಡೆ ಯಾರೂ ನಿಂತಿರಲಿಲ್ಲ. ನೀವು ಅಲ್ಲಿ ಮೆಕ್ಯಾನಿಕ್‌ನ ಕಣ್ಣಾರೆ ನೋಡಿದ್ದು ಹೇಗೆ?"

"ನನಗೂ ಅವಳ ಹಾಗೇ ನೆನಪು ತಪ್ಪಿರಬಹುದು. ಅಭ್ಯಾಸಬಲ."

"ಯಾವ ಅಭ್ಯಾಸ?" ಅತ್ತಿಗೆಯ ದನಿ ಏರಲಿಲ್ಲ. "ನೀವು ವಿಮಾನ ಓಡಿಸಿದ್ದೆಲ್ಲ ಹಳೇ ಕಟ್ಟಡದಿಂದ. ಅಲ್ಲಿ ರಿಬ್ಬನ್ ಕಾಣ್ತಿದ್ದದ್ದು ಎಡಗಡೆ. ಹೊಸ ಕಟ್ಟಡದಲ್ಲಿ ನೀವು ಕಾಕ್‌ಪಿಟ್‌ಗೆ ಬಂದಿದ್ದೇ ಅವತ್ತು ಮೊದಲ ಸಲ ಅಂತ ನೀವೇ ಹೇಳಿದ್ರಿ. ನೆನಪು ತಪ್ಪಿದ್ರೂ ನಿಮ್ಮ ರಿಬ್ಬನ್ ಎಡಗಡೆಯೇ ಕಾಣಬೇಕಿತ್ತು. ಕಣ್ಣಾರೆ ನೋಡಿದ್ರೂ ಎಡಗಡೆಯೇ. ಬಲಗಡೆ ಅನ್ನೋ ಮಾತು ಇದ್ದದ್ದು ಒಂದೇ ಕಡೆ, ಈ ಹುಡುಗಿ ಬರೆದುಕೊಟ್ಟ ಹೇಳಿಕೇಲಿ. ಅದು ನಿಮ್ಮ ಮೇಜಿನ ಮೇಲೆ ಎರಡು ದಿನ ಇತ್ತು. ಅವಳು ಪ್ರಾಮಾಣಿಕವಾಗಿ ತಪ್ಪಿದ ಜಾಗದಲ್ಲೇ ನೀವು ಒಂದು ಫೋನ್ ತಂದಿಟ್ರಿ."

ಮುಖ್ಯಸ್ಥರ ಒಳ್ಳೆಯ ಹಲ್ಲುಸಾಲು ಕಾಣೆಯಾಯಿತು.

"ನಾನ್ಯಾಕೆ ಹಾಗೆ ಮಾಡ್ಲಿ?"

"ಕೈ ಮರೆಯುತ್ತೆ ಅಂತಲೇ ಪಟ್ಟಿ ಇರೋದು. ಅವಳು ಓದಬೇಕು, ಕ್ಯಾಪ್ಟನ್ ಕಣ್ಣಿಟ್ಟು ನೋಡಿ ಹೇಳಬೇಕು. ಇಷ್ಟು ವರ್ಷ ತಪ್ಪದೆ ನೋಡಿದ ಕಣ್ಣು ಅವತ್ತು ಯಾಕೆ ನೋಡಲಿಲ್ಲ? ಗಗನಸಖಿಯ ಫೋನ್ ಎತ್ತಿದಾಗ ಕ್ಯಾಪ್ಟನ್ ಯಾರಿಗೋ, 'ದೊಡ್ಡ ಉಪಕಾರ ಸಾರ್' ಅಂತಿದ್ರು. ಟವರ್ ಜೊತೆ ಮಾತಾಡ್ತಿದ್ದಿದ್ದು ಗುಬ್ಬಿ, ಹಾಗಾಗಿ ಟವರ್‌ಗಲ್ಲ. ಗುಬ್ಬಿಗೆ ಯಾರೂ ಸಾರ್ ಅನ್ನಲ್ಲ. ಉಳಿದವರು ಒಬ್ಬರೇ. ಕೆಲಸದ ಮಾತಲ್ಲದೆ ಬೇರೆ ಮಾತು ಕೂಡದು ಅಂತ ಸಹಿ ಹಾಕಿದೋರೇ ಆಗ ಮಾತಾಡ್ತಿದ್ರು. ಅದು ಹೊರಗೆ ಬರಬಾರದು ಅಂತಲೇ ಪೆಟ್ಟಿಗೆಯ ಮಾತು ಅಳಿಸಿಹೋಗೋಕೆ ಬಿಟ್ರು."

"ಇದೆಲ್ಲ ಊಹೆ" ಎಂದರು ಮುಖ್ಯಸ್ಥರು, ವಿಚಾರಣಾಧಿಕಾರಿಯ ಕಡೆ ತಿರುಗಿ. "ಕ್ಯಾಪ್ಟನ್ನೇ ಹೇಳಲಿ. ನಾನು ಬಾಯಿ ತೆರೆದಿದ್ನಾ?"

ಅತ್ತಿಗೆಯ ಕೈಯಲ್ಲಿ ಇದಕ್ಕಿಂತ ಹೆಚ್ಚಿನ ಸಾಕ್ಷಿಯಿರಲಿಲ್ಲ. ಇನ್ನೆಲ್ಲವೂ ಎಡಗಡೆಯ ಸೀಟಿನಲ್ಲಿ ಬೆನ್ನು ಬಗ್ಗಿಸಿ ಕೂತಿದ್ದ ಮನುಷ್ಯನ ಕೈಯಲ್ಲಿತ್ತು. ಅವನಿಗೆ ಮುಂದಿನ ತಿಂಗಳ ಕೆಲಸ ಕೊಡಬೇಕಾದವರು ಹಿಂದೆಯೇ ಕೂತಿದ್ದರು.

ಕ್ಯಾಪ್ಟನ್ ಸೀಟಿನಲ್ಲಿ ನೆಟ್ಟಗೆ ಕೂತರು.

"ಪಾಠ ಹೇಳೋ ಕೆಲಸ ನನಗೇ ಅಂತ ಸಾಹೇಬ್ರು ಅದೇ ಗಳಿಗೇಲಿ ಹೇಳಿದ್ರು. ಹೆಗಲ ಮೇಲೆ ಕೈಯಿಟ್ಟು ಹೇಳಿದ್ರು. ನಾನು ಹಿಂದಕ್ಕೆ ತಿರುಗಿದ್ದೆ. ಗುಬ್ಬಿ 'ಫ್ಲ್ಯಾಪ್' ಅಂದ್ಲು. ನಾನು ಹಾಗೇ ಹಿಂದೆ ನೋಡ್ಕೊಂಡೇ 'ಸರಿಯಾಗಿದೆ' ಅಂದೆ." ಅವರು ಗುಬ್ಬಿಯ ಕಡೆ ತಿರುಗಿದರು. "ಅವಳ ಹತ್ರ ಫೋನ್ ಇರಲಿಲ್ಲ. ಅದು ಮೊದಲ ದಿನದಿಂದ್ಲೇ ನನಗೆ ಗೊತ್ತಿತ್ತು. ಮರೆತಿದ್ದು ಅವಳು, ನೋಡದೆ ಇದ್ದಿದ್ದು ನಾನು. ಆದ್ರೆ ಒಂದು ವಾರ ಸುಮ್ಮನಿದ್ದೆನಲ್ಲ, ಅದು ಮರೆವಲ್ಲ."

ಮುಖ್ಯಸ್ಥರು ಎದ್ದು ಹೊರಗೆ ಹೋದರು. ವಿಚಾರಣಾಧಿಕಾರಿ ಅವರ ಹಿಂದೆಯೇ ಹೋದ.

*

ಫೋನಿನ ಆರೋಪ ಬಿದ್ದುಹೋಯಿತು, ಲೈಸೆನ್ಸ್ ಉಳಿಯಿತು. ಗುಬ್ಬಿಯನ್ನೂ ಕ್ಯಾಪ್ಟನ್ನರನ್ನೂ ಮತ್ತೆ ತರಬೇತಿಗೆ ಕಳಿಸಿದರು. ಮುಖ್ಯಸ್ಥರ ಕುರ್ಚಿಗೆ ಬೇರೆಯವರು ಬಂದರು. ಅವರು ಮೊದಲು ಮಾಡಿದ ಕೆಲಸ, ಮೆಕ್ಯಾನಿಕ್ ಯಾವ ಕಡೆ ನಿಂತರೂ ರಿಬ್ಬನ್ ಕಂಡವರು ಬಾಯಿಬಿಟ್ಟು ಹೇಳಬೇಕು, ಆಮೇಲೆಯೇ ಲಿವರ್ ಎಳೆಯಬೇಕು ಎಂಬ ನಿಯಮ. ಎರಡನೆಯದು ಬೂಟು. ಪಾಠ ಹೇಳುವ ಕೆಲಸ ಕ್ಯಾಪ್ಟನ್ನರಿಗೆ ಸಿಗಲಿಲ್ಲ, ಅವರು ಕೇಳಲೂ ಇಲ್ಲ.

ತಿಂಗಳು ಮುಗಿದ ಮರುದಿನ ಗುಬ್ಬಿ ಕ್ಲಿನಿಕ್ಕಿಗೆ ಬಂದಳು. ಈ ಸಲ ಹಲ್ಲಿಗೇ. ಕುರ್ಚಿ ರಿಪೇರಿಯಾಗಿತ್ತು. ಅತ್ತಿಗೆ ಕನ್ನಡಕ ಹುಡುಕುತ್ತಾ ಕೆಳಗೆ ಬಂದವರು ಅಲ್ಲೇ ಕೂತರು.

"ನಿನ್ನೆ ಕ್ಯಾಪ್ಟನ್ನರ ಕಡೇ ಹಾರಾಟ" ಎಂದಳು ಗುಬ್ಬಿ. "ಸಹಪೈಲಟ್ ನಾನೇ ಆಗಬೇಕು ಅಂತ ಅವರೇ ಕೇಳ್ಕೊಂಡಿದ್ರು."

"ಮಾತಾಡ್ಸಿದ್ರಾ?" ಡಾಕ್ಟರಮ್ಮ ಕೇಳಿದಳು.

"ಕೆಲಸದ ಮಾತು ಬಿಟ್ಟು ಬೇರೇನೂ ಇಲ್ಲ. ರನ್‌ವೇ ಹತ್ರ ಪಟ್ಟಿ ಓದಿದೆ. ಫ್ಲ್ಯಾಪ್ ಅಂದೆ. ಅವರು ಉತ್ತರಾನೇ ಕೊಡಲಿಲ್ಲ. ತಿರುಗಿ ನೋಡಿದ್ರೆ ಲಿವರ್ ಮೇಲೆ ಕೈಯಿಟ್ಟು ಅದನ್ನೇ ನೋಡ್ತಿದಾರೆ. ಮೊದಲ ಸಲ ನೋಡೋರ ಹಾಗೆ. ಆಮೇಲೆ ನನ್ನ ಮುಖ ನೋಡಿ, 'ಸರಿಯಾಗಿದೆ ಗುಬ್ಬಿ' ಅಂದ್ರು. ಅವತ್ತಿಂದ ಅವರು ನನ್ನನ್ನ ಹಾಗೆ ಕರೆದೇ ಇರಲಿಲ್ಲ."

ಹಲ್ಲಿನ ಕೆಲಸ ಮುಗಿಸಿ ಡಾಕ್ಟರಮ್ಮ ಗುಂಡಿ ಒತ್ತಿದಳು. ಕುರ್ಚಿ ಗುರ್ ಎಂದು ಮೇಲೆದ್ದಿತು. ಅವಳು ಆ ಸದ್ದು ಪೂರ್ತಿ ನಿಲ್ಲುವವರೆಗೆ ಕಾದು, ಬಗ್ಗಿ ನೋಡಿ, ನೀಲಿ ಹಾಳೆಯನ್ನು ಕೈಯಾರೆ ಬಿಚ್ಚಿದಳು.